ಕಳುಹಿಸುವ ಮೊದಲು ಸಂಗಡ ಇರಲಿ: ಸಭಾ ನಾಯಕರ ತರಬೇತಿ ಕುರಿತು ಓದುಗರ ಪ್ರಶ್ನೆಗಳು

ಕ್ರೈಸ್ತ ಸಭೆಯ (ಚರ್ಚಿನ) ಮುಂದಿನ ನಾಯಕರನ್ನು ಸಿದ್ಧಪಡಿಸುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಸರು ಬೇಡವೆಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಉದ್ದನೆಯ ಪತ್ರಗಳನ್ನು ಮೊಟಕು ಮಾಡಿದ್ದೇವೆ.

ಪ್ರಶ್ನೆ: ನಮ್ಮ ಸಭೆಯ ಆರು ಮಂದಿ ಯುವಕ ಯುವತಿಯರನ್ನು ಸೇವೆಗೆ ತಯಾರು ಮಾಡಬೇಕೆಂದು ಹಿರಿಯರು ತೀರ್ಮಾನಿಸಿದ್ದಾರೆ. ಹನ್ನೆರಡು ವಾರದ ಪಾಠಪಟ್ಟಿ ಮಾಡಿದ್ದೇವೆ. ಪ್ರಸಂಗ (ಸಭೆಯಲ್ಲಿ ಮಾಡುವ ಬೋಧನೆ) ಸಿದ್ಧತೆ, ಆರಾಧನೆ ನಡೆಸುವುದು, ಗೃಹಕೂಟ (ಮನೆಗಳಲ್ಲಿ ಸೇರುವ ಕೂಟ), ಲೆಕ್ಕಪತ್ರ ಎಲ್ಲವೂ ಇದೆ. ಎರಡನೆಯ ವಾರಕ್ಕೆ ‘ಕ್ರಿಸ್ತನೊಂದಿಗೆ ಆಪ್ತ ಸಂಬಂಧ’ ಎಂಬ ಪಾಠ ಇಟ್ಟಿದ್ದೇವೆ. ಅದರಲ್ಲಿ ಏನೇನು ಕಲಿಸಬೇಕು?

ಉತ್ತರ: ಆ ಪಾಠವನ್ನು ಪಟ್ಟಿಯಿಂದ ತೆಗೆದುಬಿಡಿ. ಬೇಸರ ಬೇಡ, ಕಾರಣವಿದೆ. ಹನ್ನೆರಡರಲ್ಲಿ ಒಂದು ವಾರ ಕೊಟ್ಟ ಕೂಡಲೇ ಅದು ಮಿಕ್ಕ ಹನ್ನೊಂದರ ಸಾಲಿಗೆ ಸೇರಿದ ಇನ್ನೊಂದು ವಿಷಯವಾಗುತ್ತದೆ. ಕಲಿಯುವವರು ನೋಟ್ಸ್ ಬರೆದುಕೊಳ್ಳುತ್ತಾರೆ, ಮುಂದಿನ ವಾರ ಆರಾಧನೆಯ ಪಾಠಕ್ಕೆ ಹೋಗುತ್ತಾರೆ, ಆಪ್ತ ಸಂಬಂಧ ಮುಗಿಯಿತು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಾರೆ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ಮಾರ್ಕ 3:14, ಅಂದರೆ ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದ 14ನೇ ವಚನ, ತೆರೆದು ನೋಡಿ. ಯೇಸು ಹನ್ನೆರಡು ಮಂದಿ ಶಿಷ್ಯರನ್ನು ನೇಮಿಸಿದ್ದಕ್ಕೆ ಅಲ್ಲಿ ಹೇಳಿರುವ ಮೊದಲ ಕಾರಣ, ಅವರು ತನ್ನ ಸಂಗಡ ಇರಬೇಕೆಂಬುದು. ಸಾರುವುದಕ್ಕೆ ಕಳುಹಿಸುವುದು ಆಮೇಲಿನ ಮಾತು. ಕಳುಹಿಸಿದ್ದು ಯಾವಾಗ? 6:7ರಲ್ಲಿ. ನಡುವಿನ ಅಧ್ಯಾಯಗಳಲ್ಲಿ ಅವರ ಕೈಯಲ್ಲಿ ಹೇಳಿಕೊಳ್ಳುವಂಥ ಕೆಲಸವೇ ಇಲ್ಲ. ಸಾಮ್ಯಗಳನ್ನು (ದೃಷ್ಟಾಂತ ಕಥೆಗಳನ್ನು) ಕೇಳುತ್ತಾರೆ, ಅರ್ಥವಾಗದೆ ಆಮೇಲೆ ಬಳಿಗೆ ಬಂದು ವಿಚಾರಿಸುತ್ತಾರೆ. ಬಿರುಗಾಳಿಗೆ ಹೆದರಿ, ಮಲಗಿದ್ದ ಆತನನ್ನು ಎಬ್ಬಿಸುತ್ತಾರೆ. ಇನ್ನೂ ನಂಬಿಕೆಯಿಲ್ಲವೋ ಎಂದು ಅನ್ನಿಸಿಕೊಳ್ಳುತ್ತಾರೆ. ಮಗಳು ಸತ್ತ ಯಾಯೀರನ ಮನೆಯೊಳಗೆ ಅವರಲ್ಲಿ ಮೂವರಿಗೆ ಮಾತ್ರ ಪ್ರವೇಶ. ಹೋದವರು 6:30ರಲ್ಲಿ ಹಿಂದಿರುಗಿ ವರದಿ ಒಪ್ಪಿಸುತ್ತಾರೆ, ಮರುವಚನದಲ್ಲೇ ಆತನು ಅವರನ್ನು ದಣಿವಾರಿಸಿಕೊಳ್ಳಲು ಕರೆಯುತ್ತಾನೆ. ತರಬೇತಿಗೆ ಇದಕ್ಕಿಂತ ಒಳ್ಳೆಯ ಪಾಠಪಟ್ಟಿ ನಮಗೆ ಗೊತ್ತಿಲ್ಲ: ಸಂಗಡ ಇರುವುದು, ನೋಡುವುದು, ಇಬ್ಬಿಬ್ಬರಾಗಿ ಹೋಗುವುದು, ಬಂದು ಹೇಳುವುದು, ವಿಶ್ರಮಿಸುವುದು.

ಇದಕ್ಕೆ ಹನ್ನೆರಡು ವಾರ ಸಾಲದು, ಒಂದು ವರ್ಷ ಇಡಿ. ಆರು ಮಂದಿಯನ್ನು ಮೂವರ ಎರಡು ಗುಂಪು ಮಾಡಿ; ಯುವಕರದು ಒಂದು, ಯುವತಿಯರದು ಇನ್ನೊಂದು. ಯುವತಿಯರ ಗುಂಪಿಗೆ ಹಿರಿಯ ಸಹೋದರಿಯೊಬ್ಬರು ಇರಲಿ. ಮೊದಲ ಮೂರು ತಿಂಗಳು ಯಾರಿಗೂ ಮೈಕ್ ಕೊಡಬೇಡಿ. ಒಬ್ಬೊಬ್ಬರನ್ನೂ ಒಬ್ಬ ಹಿರಿಯರ ನಿಜವಾದ ಕೆಲಸಕ್ಕೆ ಜೊತೆ ಮಾಡಿ: ರೋಗಿಗಳ ಭೇಟಿ, ಸಾವಾದ ಮನೆ, ಜಗಳದ ರಾಜಿ. ಉತ್ತರ ತಿಳಿಯದಿದ್ದಾಗ ಹಿರಿಯರು ‘ನನಗೆ ಗೊತ್ತಿಲ್ಲ, ಪ್ರಾರ್ಥಿಸೋಣ’ ಅನ್ನುವುದನ್ನು ಅವರು ಕಣ್ಣಾರೆ ಕಾಣಲಿ. ಆಮೇಲಿನ ಮೂರು ತಿಂಗಳು ಹಿರಿಯರು ಪಕ್ಕದಲ್ಲಿದ್ದು ಅರ್ಧ ಕೆಲಸ ಇವರಿಂದ ಮಾಡಿಸಲಿ. ಮುಂದಿನ ನಾಲ್ಕು ತಿಂಗಳು ಇಬ್ಬರು ಸೇರಿ ಒಂದು ಗೃಹಕೂಟವನ್ನೋ ಸಂಡೇ ಸ್ಕೂಲಿನ ಒಂದು ತರಗತಿಯನ್ನೋ ನಡೆಸಿ ಅದೇ ವಾರ ಬಂದು ಹೇಳಲಿ. ಕೊನೆಯ ಎರಡು ತಿಂಗಳು ಹೊಸ ಕೆಲಸವೇನೂ ಬೇಡ. ಆದದ್ದನ್ನು ತಿರುಗಿ ನೋಡಿ, ಯಾರನ್ನು ಎಲ್ಲಿ ಇಡಬೇಕೆಂದು ನಿರ್ಧರಿಸುವುದಕ್ಕೆ ಆ ಸಮಯ ಬೇಕಾಗುತ್ತದೆ.

ವಾರಕ್ಕೊಂದು ಕೂಟ, 90 ನಿಮಿಷ. ಮೊದಲ 10 ನಿಮಿಷ ಮೌನ. ಹಾಡು ಬೇಡ, ಫೋನು ಬೇರೆ ಕೋಣೆಯಲ್ಲಿರಲಿ. 25 ನಿಮಿಷ ಒಂದು ವಾಕ್ಯಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿ ಮಾತಾಡಿ. 30 ನಿಮಿಷ ಮೂವರೂ ಆ ವಾರದ ತಮ್ಮ ಬದುಕಿನ ಲೆಕ್ಕ ಒಪ್ಪಿಸುವುದಕ್ಕೆ, ಒಬ್ಬರಿಗೆ ಹತ್ತರಂತೆ. 15 ನಿಮಿಷ ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ. ಉಳಿದ ಹತ್ತರಲ್ಲಿ ಮುಂದಿನ ವಾರದ ಕೆಲಸ ಹಂಚಿಕೆ. ಆರಂಭಕ್ಕೆ ಮಾರ್ಕನ ಸುವಾರ್ತೆ ಒಳ್ಳೆಯದು. 16 ಅಧ್ಯಾಯ, ಒಂದೇ ಸಲ ಕೂತು ಗಟ್ಟಿಯಾಗಿ ಓದಿದರೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಮೊದಲ ಕೂಟದಲ್ಲಿ ಅದನ್ನೇ ಮಾಡಿ, ವ್ಯಾಖ್ಯಾನ ಬೇಡ.

ಲೆಕ್ಕ ಕೇಳುವ ಆ ಅರ್ಧ ಗಂಟೆಯಲ್ಲೇ ಕೆಲಸ ಕೆಡುವುದು ಹೆಚ್ಚು. ‘ದಿನಕ್ಕೆ ಎಷ್ಟು ಹೊತ್ತು ಪ್ರಾರ್ಥಿಸಿದಿರಿ?’ ಎಂದು ಕೇಳಲೇಬೇಡಿ. ಅದು ಸುಳ್ಳು ಹೇಳಿಸುವ ಪ್ರಶ್ನೆ. ಒಬ್ಬ ಒಂದು ಗಂಟೆ ಅಂದ ಮೇಲೆ ಇನ್ನೊಬ್ಬನಿಗೆ ಹತ್ತು ನಿಮಿಷ ಎನ್ನಲು ಬಾಯಿ ಬರುವುದಿಲ್ಲ. ಹೀಗೆ ಕೇಳಿ: ಈ ವಾರ ಯಾವ ವಚನ ನಿಮ್ಮನ್ನು ತಡೆದು ನಿಲ್ಲಿಸಿತು? ತಿಳಿದೂ ವಿಧೇಯರಾಗದೆ ಹೋದದ್ದು ಎಲ್ಲಿ? ಯಾರ ಮೇಲೆ ಸಿಟ್ಟು ಉಳಿದಿದೆ? ಮನೆಯಲ್ಲಿ ಹೇಗಿದ್ದೀರಿ, ನಿದ್ದೆ ಎಷ್ಟಾಯಿತು? ಮೊದಲು ತರಬೇತಿ ಕೊಡುವವರೇ ಉತ್ತರಿಸಬೇಕು. ಅವರು ಚೆಂದದ ಉತ್ತರ ಕೊಟ್ಟರೆ ಮಿಕ್ಕವರೂ ಚೆಂದದ ಉತ್ತರವನ್ನೇ ಕೊಡುತ್ತಾರೆ.

ಕೂಟದಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದು. ಆದರೆ ಒಂದು ಮಿತಿಯನ್ನು ಮೊದಲ ದಿನವೇ ಹೇಳಿಬಿಡಿ: ಮಗುವಿಗೆ ಹಾನಿಯಾಗಿದ್ದರೆ, ಯಾರದೇ ಪ್ರಾಣಕ್ಕೆ ಅಪಾಯವಿದ್ದರೆ ಅದನ್ನು ಗುಟ್ಟಾಗಿ ಇಡುವುದಿಲ್ಲ, ಕಾನೂನು ಹೇಳುವ ಕಡೆ ತಿಳಿಸುತ್ತೇವೆ. ಈ ಮಾತನ್ನು ಮುಂಚಿತವಾಗಿ ಹೇಳದೆ ಇದ್ದವರು ಆಮೇಲೆ ಸಿಕ್ಕಿಬೀಳುತ್ತಾರೆ.

ಈ ಲೆಕ್ಕ ಕೇಳುವ ಪದ್ಧತಿ ಹೊಸದಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೋಡಿಸ್ಟರೆಂಬ ಕ್ರೈಸ್ತ ಗುಂಪಿನವರಿಗೆ ಕಟ್ಟಡದ ಸಾಲ ತೀರಿಸಬೇಕಿತ್ತು. ಹನ್ನೆರಡು ಮಂದಿಗೆ ಒಬ್ಬನಂತೆ ನೇಮಿಸಿ, ವಾರಕ್ಕೊಂದು ಪೆನ್ನಿ ವಸೂಲಿಗೆ ಮನೆಮನೆಗೆ ಕಳುಹಿಸಿದರು. ಹೋದವರಿಗೆ ಕಾಸಿನ ಜೊತೆಗೆ ಆ ಮನೆಗಳೊಳಗಿನ ಬದುಕೂ ಕಂಡಿತು. ಅವರ ನಾಯಕ ಜಾನ್ ವೆಸ್ಲಿ ಇದರ ಬೆಲೆಯನ್ನು ತಕ್ಷಣ ಗುರುತಿಸಿ, ಆ ವಸೂಲಿಯ ಗುಂಪುಗಳನ್ನೇ ಆತ್ಮಿಕ ಆರೈಕೆಯ ಗುಂಪುಗಳಾಗಿ ಮಾಡಿದ. ಸಾಲಕ್ಕೆಂದು ಹುಟ್ಟಿದ್ದು ಸಾಲಕ್ಕಿಂತ ಹೆಚ್ಚು ಕಾಲ ಉಳಿಯಿತು.

ಪ್ರಶ್ನೆ: ನಾನು ವಾರಕ್ಕೆ ಎರಡು ಪ್ರಸಂಗ ಮಾಡುತ್ತೇನೆ. ಬೆಳಿಗ್ಗೆ ಸತ್ಯವೇದ ತೆರೆದರೆ ಸಾಕು, ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ. ಓದಿದ್ದೆಲ್ಲ ‘ಮೂರು ಅಂಶ’ಗಳಾಗಿ ಒಡೆದುಕೊಳ್ಳುತ್ತದೆ. ನನಗಾಗಿ ಓದುವುದನ್ನೇ ಮರೆತಿದ್ದೇನೆ ಅನಿಸುತ್ತದೆ.

ಉತ್ತರ: ವಾಕ್ಯವನ್ನು ಹಂಚಿ ಹಂಚಿ, ಬಡಿಸುವ ಸೌಟಿನಂತೆ ಆಗಿಬಿಡುವುದು ಬೋಧಕರಿಗೆಲ್ಲ ಬರುವ ರೋಗ. ಸೌಟು ಎಲ್ಲ ಅಡಿಗೆಯಲ್ಲೂ ಮುಳುಗುತ್ತದೆ, ರುಚಿ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ.

ಎರಡು ಓದನ್ನೂ ಬೇರ್ಪಡಿಸುವುದು ಮೊದಲ ಹೆಜ್ಜೆ. ಜಾಗ, ಹೊತ್ತು, ಪುಸ್ತಕ ಮೂರೂ ಬೇರೆಯಾಗಲಿ. ಪ್ರಸಂಗಕ್ಕೆ ಬಳಸುವ ಗೆರೆ ಎಳೆದ ಸತ್ಯವೇದವನ್ನು ಬೆಳಿಗ್ಗೆ ಮುಟ್ಟಬೇಡಿ, ಗುರುತಿಲ್ಲದ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಈ ತಿಂಗಳು ಪೌಲನ ಪತ್ರಿಕೆಗಳಿಂದ ಪ್ರಸಂಗ ಮಾಡುತ್ತಿದ್ದರೆ ಬೆಳಗಿನ ಓದು ಕೀರ್ತನೆಗಳಲ್ಲಿರಲಿ. ಬೆಳಿಗ್ಗೆ ಸಿಕ್ಕಿದ ವಿಚಾರವನ್ನು ಕನಿಷ್ಠ ಒಂದು ತಿಂಗಳು ವೇದಿಕೆಗೆ ತರುವುದಿಲ್ಲ ಎಂದು ನಿಮಗೆ ನೀವೇ ಕಟ್ಟುಪಾಡು ಹಾಕಿಕೊಳ್ಳಿ. ಕೈ ಪೆನ್ನಿಗೆ ಹೋಗುವ ಚಾಳಿ ಇದರಿಂದಲೇ ತಗ್ಗುತ್ತದೆ.

45 ನಿಮಿಷವಿದ್ದರೆ ಹೀಗೆ ಹಂಚಬಹುದು: 5 ನಿಮಿಷ ಸುಮ್ಮನೆ ಕೂರುವುದು, 15 ನಿಮಿಷ ಓದು, 10 ನಿಮಿಷ ಮೆಲುಕು, 15 ನಿಮಿಷ ಪ್ರಾರ್ಥನೆ. ಮೆಲುಕು ಅಂದದ್ದು ಬರೀ ಉಪಮಾನಕ್ಕಲ್ಲ. ಕೀರ್ತನೆ 1:2ರಲ್ಲಿ ‘ಧ್ಯಾನಿಸುವನು’ ಎಂದಿರುವ ಕಡೆ ಮೂಲ ಹೀಬ್ರೂ ಪದಕ್ಕೆ ಸಣ್ಣ ದನಿಯಲ್ಲಿ ಗುನುಗುವುದು ಎಂಬ ಅರ್ಥವಿದೆ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ಗುರುಗುಟ್ಟುವ ಸಿಂಹಕ್ಕೂ ಅದೇ ಪದ. ಆದ್ದರಿಂದ ಒಂದೇ ವಚನವನ್ನು ಬಾಯಲ್ಲಿ ಮೆಲ್ಲಗೆ ಹತ್ತು ಹದಿನೈದು ಸಲ ಹೇಳಿಕೊಳ್ಳಿ, ಪ್ರತಿ ಸಲ ಬೇರೊಂದು ಪದದ ಮೇಲೆ ಒತ್ತು ಕೊಡಿ. ಕಣ್ಣಿನಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ. ಬಾಯಲ್ಲಿ ಹೇಳಿಕೊಂಡದ್ದು ನಡುಹಗಲಲ್ಲೂ ತಾನಾಗಿ ಮರಳಿ ಬರುತ್ತದೆ.

ಓದು ಮೊದಲೋ ಪ್ರಾರ್ಥನೆ ಮೊದಲೋ ಎಂದು ಹಲವರು ಕೇಳುತ್ತಾರೆ. ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ವರ್ಷಗಟ್ಟಲೆ ಎದ್ದ ಕೂಡಲೇ ಪ್ರಾರ್ಥನೆಗೆ ಕೂರುತ್ತಿದ್ದ. ಮನಸ್ಸು ಅಲೆದಾಡಿ ಹತ್ತು ನಿಮಿಷ, ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ ಹೋದ ಮೇಲೆಯೇ ನಿಜವಾಗಿ ಪ್ರಾರ್ಥಿಸಲು ಆಗುತ್ತಿತ್ತಂತೆ. ಮೊದಲು ವಾಕ್ಯವನ್ನು ಓದಿ, ಓದುತ್ತಲೇ ಅದನ್ನು ಪ್ರಾರ್ಥನೆಯಾಗಿ ತಿರುಗಿಸುವ ಕ್ರಮಕ್ಕೆ ಬಂದ ಮೇಲೆ ಆ ತೊಂದರೆ ಬಹುಮಟ್ಟಿಗೆ ನಿಂತಿತೆಂದು 1841ರಲ್ಲಿ ಬರೆದಿಟ್ಟಿದ್ದಾನೆ. ನಾವು ಹೇಳುವುದೂ ಅದೇ ಕ್ರಮ.

ಜರ್ಮನಿಯ ಡೀಟ್ರಿಶ್ ಬೋನ್‌ಹಾಫರ್ 1935ರಿಂದ 1937ರವರೆಗೆ ಫಿಂಕೆನ್‌ವಾಲ್ಡೆಯಲ್ಲಿ ಬೋಧಕರ ತರಬೇತಿ ಶಾಲೆ ನಡೆಸಿದ. ಹಿಟ್ಲರನ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊ ಅದನ್ನು ಮುಚ್ಚಿಸಿತು. ಅಲ್ಲಿ ದಿನವೂ ಅರ್ಧ ಗಂಟೆ ಮೌನಧ್ಯಾನ, ಒಂದೇ ವಾಕ್ಯಭಾಗ ಇಡೀ ವಾರಕ್ಕೆ. ಆ ಹೊತ್ತಿನಲ್ಲಿ ವ್ಯಾಖ್ಯಾನ ಗ್ರಂಥ ತೆರೆಯುವಂತಿಲ್ಲ, ಅದನ್ನು ಪ್ರಸಂಗದ ತಯಾರಿಗೆ ಬಳಸುವಂತಿಲ್ಲ. ವಿದ್ಯಾರ್ಥಿಗಳು ಗೊಣಗಿದರು, ಏನು ಮಾಡಬೇಕೆಂದು ತೋಚದೆ ಕೂತರು. ಆದರೂ ಅವನು ಬಿಡಲಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಮದ್ದಿಲ್ಲ. ಒಂದು ತಿಂಗಳು ಮಾಡಿ ನೋಡಿ. ಮೊದಲ ಎರಡು ವಾರ ಬೇಜಾರಾಗುತ್ತದೆ, ಅದಕ್ಕೆ ಹೆದರಬೇಡಿ.

ವರ್ಷಕ್ಕೊಮ್ಮೆ ಇಡೀ ಸತ್ಯವೇದ ಓದಬೇಕೆನ್ನುವವರಿಗೆ ಒಂದು ಲೆಕ್ಕ. ಒಟ್ಟು 1,189 ಅಧ್ಯಾಯ. ದಿನಕ್ಕೆ ನಾಲ್ಕರಂತೆ 298 ದಿನಕ್ಕೆ ಮುಗಿಯುತ್ತದೆ, ತಪ್ಪಿಹೋದ ದಿನಗಳಿಗೆ ಎರಡು ತಿಂಗಳಿಗೂ ಹೆಚ್ಚು ಜಾಗ ಉಳಿಯುತ್ತದೆ. ಈ ಓದನ್ನು ಬೇರೆ ಹೊತ್ತಿನಲ್ಲಿ ಮಾಡಿ, ಮೆಲುಕಿನ ಸಮಯಕ್ಕೆ ತುರುಕಬೇಡಿ.

ಪ್ರಶ್ನೆ: ರಕ್ಷಣೆ ಹೊಂದಿ (ಕ್ರಿಸ್ತನನ್ನು ನಂಬಿ) ಎರಡು ವರ್ಷವಾಗಿರುವ ಒಬ್ಬ ಸಹೋದರನಿದ್ದಾನೆ. ಹಾಡು, ಮಾತು ಎರಡರಲ್ಲೂ ಎತ್ತಿದ ಕೈ; ಅವನು ನಿಂತರೆ ಜನ ಅಳುತ್ತಾರೆ. ಯೌವನಸ್ಥರ ಕೂಟವನ್ನು ಅವನಿಗೆ ಒಪ್ಪಿಸಬೇಕೆಂದು ಒತ್ತಡವಿದೆ. ಇನ್ನೂ ಕಾಯಬೇಕೆ? ಎಷ್ಟು ಕಾಯಬೇಕು?

ಉತ್ತರ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥ ಕಡೆಯೇ ನೆನಪಾಗಬೇಕು. ವರ, ಅಂದರೆ ದೇವರು ಕೊಟ್ಟ ಸಾಮರ್ಥ್ಯ ಬೇರೆ; ಫಲ, ಅಂದರೆ ಮಾಗಿದ ನಡತೆ ಬೇರೆ. ವರ ಒಂದೇ ದಿನದಲ್ಲಿ ಕಾಣಿಸುತ್ತದೆ, ಫಲಕ್ಕೆ ಋತು ಬೇಕು. ಅವನಲ್ಲಿ ಫಲವಿಲ್ಲ ಎಂದು ನಾವು ಹೇಳುತ್ತಿಲ್ಲ. ನೀವಿನ್ನೂ ನೋಡಿಲ್ಲ, ಅಷ್ಟೆ.

1 ತಿಮೊಥೆಯ 3:2ರಿಂದ 7ರವರೆಗೆ ಓದಿ, ಅಲ್ಲಿರುವ ಗುಣಗಳನ್ನು ಕಾಗದದ ಮೇಲೆ ಬರೆಯಿರಿ. ವೇದಿಕೆಯ ಕೌಶಲ ಎನ್ನಬಹುದಾದದ್ದು ‘ಬೋಧಿಸಲು ಶಕ್ತ’ ಎಂಬ ಒಂದೇ. ಮಿಕ್ಕದ್ದು ನಡತೆ, ಸಿಟ್ಟು, ಹಣ, ಮನೆ, ಹೊರಗಿನವರ ಅಭಿಪ್ರಾಯ. ಹೊಸಬನು ಉಬ್ಬಿಹೋದಾನೆಂಬ ಎಚ್ಚರಿಕೆ 6ನೇ ವಚನದಲ್ಲಿದೆ, ಮೊದಲು ಪರೀಕ್ಷಿಸಿ ಎಂಬುದು 10ರಲ್ಲಿ, ಅವಸರದಿಂದ ಹಸ್ತಾರ್ಪಣೆ (ತಲೆಯ ಮೇಲೆ ಕೈಯಿಟ್ಟು ಸೇವೆಗೆ ನೇಮಿಸುವುದು) ಬೇಡ ಎಂಬುದು 5:22ರಲ್ಲಿ. ಎಷ್ಟು ವರ್ಷ ಎಂಬ ಅಂಕಿಯನ್ನು ಪೌಲ ಕೊಟ್ಟಿಲ್ಲ, ನಾವೂ ಕೊಡುವುದಿಲ್ಲ. ಪರೀಕ್ಷೆ ಹೇಗೆಂದು ಮಾತ್ರ ಹೇಳುತ್ತೇವೆ.

ಮೂರು ತಿಂಗಳು ಯಾರ ಕಣ್ಣಿಗೂ ಬೀಳದ ಕೆಲಸ ಕೊಡಿ: ಕುರ್ಚಿ ಜೋಡಿಸುವುದು, ಹಾಸಿಗೆ ಹಿಡಿದವರನ್ನು ವಾರವಾರ ನೋಡಿಬರುವುದು. ನಡುವೆ ನಾಲ್ಕು ಭಾನುವಾರ ಹಾಡುವ ಸರದಿಯನ್ನು ಇನ್ನೊಬ್ಬರಿಗೆ ಕೊಟ್ಟು, ಆ ಇನ್ನೊಬ್ಬರನ್ನು ಎಲ್ಲರೆದುರು ಮೆಚ್ಚಿಕೊಳ್ಳಿ. ಅವನ ಮುಖ ಏನು ಹೇಳುತ್ತದೆ? ಒಂದು ನಿಜವಾದ ತಪ್ಪನ್ನು ಖಾಸಗಿಯಾಗಿ ತೋರಿಸಿ. ತಿದ್ದಿಕೊಂಡನೇ, ಕಾರಣ ಹೇಳಿದನೇ, ಎರಡು ವಾರ ಮುನಿಸಿಕೊಂಡನೇ? ಐದು ಮಂದಿಯನ್ನು ಬೇರೆಬೇರೆಯಾಗಿ ವಿಚಾರಿಸಿ: ಮನೆಯವರಲ್ಲಿ ಒಬ್ಬರು, ಕೆಲಸದ ಕಡೆಯ ಒಬ್ಬರು, ಅವನ ಕೈಕೆಳಗೆ ಇದ್ದವರೊಬ್ಬರು, ಅವನೊಡನೆ ಜಗಳವಾಡಿದವರೊಬ್ಬರು, ನಂಬಿಕೆಯಿಲ್ಲದ ಪರಿಚಿತರೊಬ್ಬರು. ‘ಒಳ್ಳೆಯವನೇ?’ ಎಂದು ಕೇಳಿದರೆ ‘ಹೂಂ’ ಅನ್ನುತ್ತಾರೆ. ಬದಲಿಗೆ, ಸಿಟ್ಟು ಬಂದಾಗ ಏನು ಮಾಡುತ್ತಾನೆ, ಕೊಟ್ಟ ಸಾಲ ಹಿಂದಿರುಗಿಸಿದನೇ, ಕ್ಷಮೆ ಕೇಳಿದ್ದನ್ನು ನೀವು ಕಂಡಿದ್ದೀರಾ ಎಂದು ಕೇಳಿ.

ಜನ ಅಳುತ್ತಾರೆ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಲೂಕ 10ರಲ್ಲಿ ದೆವ್ವಗಳೂ ನಮಗೆ ಅಧೀನವಾದವು ಎಂದು ಸಂತೋಷಪಡುತ್ತ ಬಂದವರಿಗೇ ಯೇಸು, ಅದಕ್ಕೆ ಸಂತೋಷಪಡಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆಯೆಂದು ಸಂತೋಷಪಡಿರಿ ಅಂದ.

ಇನ್ನೊಂದು ಮಾತು. ಈ ಹುಡುಗನನ್ನು ಕಾಯಿಸುವಾಗ ಕಾರಣವನ್ನು ಅವನಿಗೇ ಹೇಳಿ. ಗುಟ್ಟಾಗಿ ಪರೀಕ್ಷಿಸಿ, ಫೇಲಾದನೆಂದು ಗುಟ್ಟಾಗಿ ತೀರ್ಮಾನಿಸಿದರೆ ಅದು ಬಲೆ ಬೀಸಿದ ಹಾಗೆ. ‘ಈ ವರ್ಷ ನಿನ್ನನ್ನು ಬೆಳೆಸುತ್ತೇವೆ, ವೇದಿಕೆ ಕಡಿಮೆ ಇರುತ್ತದೆ, ಇಂಥ ತಿಂಗಳು ಮತ್ತೆ ಕೂತು ಮಾತಾಡುತ್ತೇವೆ’ ಎಂದು ದಿನ ಗೊತ್ತುಮಾಡಿ.

ಪ್ರಶ್ನೆ: ಬೈಬಲ್ ಕಾಲೇಜಿನ ಪದವಿ ಇಲ್ಲದವರನ್ನು ನಾಯಕರನ್ನಾಗಿ ಮಾಡಬಹುದೇ? ಆತ್ಮನಿಂದ ನಡೆಸಲ್ಪಡುವವನಿಗೆ ಓದು ಯಾಕೆ ಎಂದು ಕೆಲವರು ಹೇಳುತ್ತಾರೆ.

ಉತ್ತರ: ಮಾಡಬಹುದು. ಓದು ಮಾತ್ರ ಬೇಕೇ ಬೇಕು. ಅಪೊಲ್ಲೋಸನು ಶಾಸ್ತ್ರಗಳಲ್ಲಿ ಪ್ರವೀಣ, ಉತ್ಸಾಹಿ, ಆದರೂ ಅವನಿಗೆ ತಿಳಿದದ್ದು ಅರ್ಧ. ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ಡೇರೆ ಹೊಲಿಯುವ ದಂಪತಿ ಅವನನ್ನು ಕರೆದುಕೊಂಡು ಹೋಗಿ ಉಳಿದದ್ದನ್ನು ತಿಳಿಸಿಕೊಟ್ಟರು (ಅಪೊಸ್ತಲರ ಕೃತ್ಯಗಳು 18). ಕಾಲೇಜಿನಲ್ಲಿ ಅಲ್ಲ, ಸರಿ. ಆದರೆ ಕಲಿಯದೆಯೂ ಅಲ್ಲ. ಸೆರೆಮನೆಯಲ್ಲಿ ಸಾವಿನ ಹೊಸ್ತಿಲಲ್ಲಿದ್ದ ಪೌಲನೂ ಪುಸ್ತಕಗಳನ್ನು ತರಲು ಹೇಳಿಕಳುಹಿಸಿದ (2 ತಿಮೊಥೆಯ 4:13).

ಪ್ರಶ್ನೆ: ಮೂರು ತಿಂಗಳಿಂದ ಪ್ರಾರ್ಥನೆ ಒಣಗಿಹೋಗಿದೆ. ಕೂಟ ನಡೆಸುತ್ತೇನೆ, ಇತರರಿಗೆ ಕ್ರಿಸ್ತನ ಸಾಮೀಪ್ಯದ ಬಗ್ಗೆ ಹೇಳುತ್ತೇನೆ, ಒಳಗೆ ಏನೂ ಇಲ್ಲ. ಇದು ಕಪಟವಲ್ಲವೇ? ಸೇವೆ ಬಿಟ್ಟುಬಿಡಲೇ?

ಉತ್ತರ: ಬಾವಿ ಒಣಗಿದ್ದಕ್ಕೆ ಕಾರಣ ಒಂದೇ ಇರುವುದಿಲ್ಲ. ಯಾವುದೆಂದು ನೋಡಿಕೊಂಡು ಆಮೇಲೆ ತೀರ್ಮಾನಿಸಿ. ನಾಲ್ಕು ಕಾರಣಗಳು ಸಾಮಾನ್ಯ, ಅವನ್ನು ಈ ಕ್ರಮದಲ್ಲೇ ಪರಿಶೀಲಿಸಿ.

ಮೊದಲನೆಯದು ಬರೀ ದಣಿವು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸಾವನ್ನು ಬೇಡಿ ಗಿಡದ ಕೆಳಗೆ ಮಲಗುತ್ತಾನೆ. ದೇವರು ಉಪದೇಶ ಮಾಡಲಿಲ್ಲ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ಊಟ. ‘ಇಲ್ಲೇನು ಮಾಡುತ್ತೀ?’ ಎಂಬ ಪ್ರಶ್ನೆ ಬಂದದ್ದು ಹೋರೇಬ್ ಬೆಟ್ಟ ತಲುಪಿದ ಮೇಲೆ. ಆದ್ದರಿಂದ ಮೊದಲು ಎರಡು ವಾರ ಸರಿಯಾಗಿ ನಿದ್ದೆ ಮಾಡಿ, ವಾರದಲ್ಲಿ ಒಂದು ಪೂರ್ತಿ ದಿನ ಸೇವೆಯ ಫೋನು ಎತ್ತಬೇಡಿ. ಇಂಥ ಸ್ಥಿತಿಯಲ್ಲಿ ಉಪವಾಸ ಹಿಡಿಯಬೇಡಿ. ದಣಿದವರು ಉಪವಾಸದಿಂದ ಇನ್ನೂ ಕುಸಿಯುತ್ತಾರೆ, ಆಮೇಲೆ ಅದೂ ಫಲಿಸಲಿಲ್ಲವೆಂದು ಕೊರಗುತ್ತಾರೆ.

ಎರಡನೆಯದು ಮುಚ್ಚಿಟ್ಟ ಪಾಪ. ಬಾಯಿಬಿಡದೆ ಇದ್ದಾಗ ಎಲುಬುಗಳೇ ಸವೆದುಹೋದವು ಎನ್ನುತ್ತದೆ ಕೀರ್ತನೆ 32. ಯಾವ ವಿಷಯ ಬಂದಾಗ ಪ್ರಾರ್ಥನೆಯಲ್ಲಿ ಮಾತು ಬದಲಿಸುತ್ತೀರಿ ಎಂಬುದನ್ನು ಗಮನಿಸಿ, ಅಲ್ಲೇ ಇರುತ್ತದೆ. ಇಂಥದ್ದಿದ್ದರೆ ನಂಬಿಗಸ್ತರಾದ ಒಬ್ಬ ಹಿರಿಯರ ಮುಂದೆ ಹೇಳಿಕೊಳ್ಳಿ, ಮುಂದಿನ ಹೆಜ್ಜೆಯನ್ನು ಅವರೊಡನೆ ನಿರ್ಧರಿಸಿ.

ಮೂರನೆಯದು ರೋಗ. ನಿದ್ದೆ ಹಸಿವು ಕೆಟ್ಟು, ಪ್ರಾರ್ಥನೆಯಷ್ಟೇ ಅಲ್ಲ ಹಿಂದೆ ಇಷ್ಟವಾಗಿದ್ದದ್ದೂ ರುಚಿಸದೆ, ಹೆಚ್ಚುಕಡಿಮೆ ಎಲ್ಲ ದಿನವೂ ಹೀಗೆ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಖಿನ್ನತೆಗೆ ಔಷಧಿ ತೆಗೆದುಕೊಳ್ಳುವುದು ಅಪನಂಬಿಕೆಯಲ್ಲ; ಅದನ್ನು ಅಪನಂಬಿಕೆಯೆಂದು ಹೇಳುವ ಬೋಧಕರ ಮಾತಿಗೆ ಕಿವಿಗೊಡಬೇಡಿ.

ಈ ಮೂರೂ ಅಲ್ಲವಾದರೆ ಉಳಿಯುವುದು ನಾಲ್ಕನೆಯದು: ತಪ್ಪಿಲ್ಲದೆಯೂ ಬರುವ ಬರಗಾಲ. 88ನೇ ಕೀರ್ತನೆ ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಅದರಲ್ಲಿಲ್ಲ. ಆದರೂ ಅದು ಪ್ರಾರ್ಥನೆ. ಸ್ವಂತ ಮಾತು ಹುಟ್ಟದಿದ್ದಾಗ ಎರವಲು ಮಾತಿನಲ್ಲಿ ಪ್ರಾರ್ಥಿಸಿ. ದಿನಕ್ಕೆ ಐದರಂತೆ ಕೀರ್ತನೆಗಳನ್ನು ಗಟ್ಟಿಯಾಗಿ ಓದಿದರೆ 30 ದಿನಕ್ಕೆ 150 ಮುಗಿಯುತ್ತವೆ. ಅನುಭವ ಬರಲೇಬೇಕೆಂದು ಹಿಂಡಬೇಡಿ. ಹಿಂಡಿದರೆ ಬರುವುದು ಭಾವೋದ್ರೇಕ, ಅದನ್ನೇ ಸಾಮೀಪ್ಯವೆಂದು ತಪ್ಪು ತಿಳಿಯುವ ಅಪಾಯವಿದೆ.

ಕಪಟವೇ ಎಂದು ಕೇಳಿದ್ದೀರಿ. ಒಣಗಿರುವುದು ಕಪಟವಲ್ಲ, ಉಕ್ಕಿ ಹರಿಯುತ್ತಿರುವ ಹಾಗೆ ನಟಿಸುವುದು ಕಪಟ. ಬೋಧನೆಯ ಭಾರವನ್ನು ಎರಡು ತಿಂಗಳು ಇನ್ನೊಬ್ಬರಿಗೆ ಕೊಡಿ, ಕೂಟಕ್ಕೆ ಮಾತ್ರ ಹೋಗುತ್ತಿರಿ. ಪೂರ್ತಿ ದೂರವಾಗುವುದು ಒಳ್ಳೆಯದಲ್ಲ. ಕನಿಷ್ಠ ಒಬ್ಬ ಸಹಸೇವಕರಿಗೆ ನಿಜ ಸ್ಥಿತಿ ತಿಳಿದಿರಲಿ.

ಪ್ರಶ್ನೆ: ಉದ್ಯೋಗಕ್ಕೆ ರಾಜೀನಾಮೆ ಕೊಟ್ಟು ಪೂರ್ಣಾವಧಿ ಸೇವೆಗೆ ಇಳಿಯಬೇಕೆಂಬ ಕರೆ ಬಲವಾಗಿದೆ. ಸ್ವಲ್ಪ ಸಾಲವಿದೆ, ಹೆಂಡತಿಗೆ ಇನ್ನೂ ಧೈರ್ಯ ಬಂದಿಲ್ಲ. ‘ಲೆಕ್ಕ ಹಾಕುತ್ತ ಕೂತರೆ ನಂಬಿಕೆ ಎಲ್ಲಿ?’ ಎಂದು ನನಗೆ ತರಬೇತಿ ಕೊಡುತ್ತಿರುವವರು ಕೇಳುತ್ತಾರೆ.

ಉತ್ತರ: ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ನೋಡುವುದಿಲ್ಲವೇ ಎಂದು ಕೇಳಿದವನು ಯೇಸುವೇ (ಲೂಕ 14:28). ಶಿಷ್ಯತ್ವದ ಬೆಲೆಯನ್ನು ಮೊದಲೇ ಎಣಿಸಿಕೊಳ್ಳಿ ಎಂದು ಹೇಳುವುದಕ್ಕೆ ಆತನು ಬಳಸಿಕೊಂಡದ್ದು ಲೆಕ್ಕ ಹಾಕುವವನ ಉದಾಹರಣೆಯನ್ನೇ.

ಲೂಕ 9:3ರಲ್ಲಿ ಚೀಲ, ಹಣ ಏನೂ ಬೇಡವೆಂದು ಕಳುಹಿಸಿದ ಆತನೇ 22:36ರಲ್ಲಿ ಚೀಲವಿದ್ದವನು ತೆಗೆದುಕೊಳ್ಳಲಿ ಅಂದ. ಚೀಲ ಇಲ್ಲದಿರುವುದೇ ನಂಬಿಕೆಯಾಗಿದ್ದರೆ ಎರಡನೆಯ ಮಾತು ಬರುತ್ತಿರಲಿಲ್ಲ. ಎರಡು ಸಲವೂ ಶಿಷ್ಯರು ಮಾಡಬೇಕಾದದ್ದು ಆತನು ಹೇಳಿದ್ದನ್ನು ಕೇಳುವುದು. ಆತನ ದನಿಯ ಪರಿಚಯವಿಲ್ಲದೆ ‘ನಂಬಿಕೆಯ ಹೆಜ್ಜೆ’ ಇಡುವವರು ಬಹಳ ಸಲ ತಮ್ಮ ಅವಸರದ ಹೆಜ್ಜೆಯನ್ನೇ ಇಡುತ್ತಾರೆ. ಪೌಲನೂ ಕೊರಿಂಥದಲ್ಲಿ ಡೇರೆ ಹೊಲಿದು ದುಡಿದ.

ನಂಬಿಕೆಯ ಬದುಕಿಗೆ ಎಲ್ಲರೂ ತೋರಿಸುವ ಮುಲ್ಲರ್‌ನನ್ನೇ ತೆಗೆದುಕೊಳ್ಳಿ. 1830ರಲ್ಲಿ ನಿಗದಿತ ಸಂಬಳ ಬಿಟ್ಟ, ಯಾರ ಬಳಿಯೂ ಹಣ ಕೇಳಲಿಲ್ಲ. ಆದರೆ ಸಾಲವನ್ನೂ ಮಾಡಲಿಲ್ಲ, ಬಂದದ್ದು ಹೋದದ್ದನ್ನು ವರ್ಷವರ್ಷ ಅಚ್ಚು ಹಾಕಿಸಿ ಪ್ರಕಟಿಸಿದ. ಅವನ ನಂಬಿಕೆಯನ್ನು ಮೆಚ್ಚುವವರು ಅವನ ಲೆಕ್ಕದ ಪುಸ್ತಕವನ್ನು ಯಾಕೋ ನೆನೆಯುವುದಿಲ್ಲ.

ನೀವು ಮಾಡಬೇಕಾದದ್ದು: ಸಾಲ ಪೂರ್ತಿ ತೀರಿಸಿ. ಆರು ತಿಂಗಳ ಮನೆಖರ್ಚು ಕೂಡಿಡಿ. ಉದ್ಯೋಗದಲ್ಲಿದ್ದುಕೊಂಡೇ ಒಂದು ವರ್ಷ ಸಂಜೆ ಮತ್ತು ವಾರಾಂತ್ಯದ ಸೇವೆ ಮಾಡಿ; ಬಿಡುವಿನ ವೇಳೆಯಲ್ಲಿ ಆಗದ ಸೇವೆ ಪೂರ್ಣಾವಧಿಯಲ್ಲಿ ತಾನಾಗಿ ಆಗುವುದಿಲ್ಲ. ಸಭೆ ಸಹಾಯ ಮಾಡುವುದಾದರೆ ಎಷ್ಟು, ಎಷ್ಟು ಕಾಲ, ಯಾವಾಗ ಮರುಪರಿಶೀಲನೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಹೆಂಡತಿಯ ಹಿಂಜರಿಕೆಯನ್ನು ಅಡ್ಡಿಯೆಂದು ಎಣಿಸಬೇಡಿ. ಅವರ ಭಯದ ಕಾರಣಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಅವುಗಳಲ್ಲಿ ಅರ್ಧದಷ್ಟಾದರೂ ನೀವು ಉತ್ತರಿಸಲೇಬೇಕಾದ ನ್ಯಾಯವಾದ ಪ್ರಶ್ನೆಗಳಾಗಿರುತ್ತವೆ.

ಪ್ರಶ್ನೆ: ನನ್ನ ತರಬೇತಿಯ ಹೊಣೆ ಹೊತ್ತಿರುವ ಪಾಸ್ಟರ್ ನನ್ನ ಕೆಲಸ, ಮದುವೆ, ಗೆಳೆಯರು ಎಲ್ಲದರ ಬಗ್ಗೆಯೂ ‘ದೇವರು ನನಗೆ ತೋರಿಸಿದ್ದಾನೆ’ ಅನ್ನುತ್ತಾರೆ. ಒಪ್ಪದಿದ್ದರೆ ಅಭಿಷಿಕ್ತನ (ದೇವರು ನೇಮಿಸಿದವನ) ಮೇಲೆ ಕೈಯೆತ್ತಿದ ಪಾಪ ಎಂದು ಹೆದರಿಸುತ್ತಾರೆ. ಗೌರವ ಬಿಡದೆ ಏನು ಮಾಡಲಿ?

ಉತ್ತರ: ಆ ಮಾತು ಎಲ್ಲಿಂದ ಬಂತೆಂದು ನೋಡಿ. 1 ಸಮುವೇಲ 24ರಲ್ಲಿ ದಾವೀದನು ಕೈಯೆತ್ತಲಾರೆ ಅಂದದ್ದು ಅರಸ ಸೌಲನನ್ನು ಕೊಲ್ಲುವ ವಿಷಯದಲ್ಲಿ. ಅದೇ ಅಧ್ಯಾಯದಲ್ಲಿ ಅವನು ಸೌಲನ ಅನ್ಯಾಯವನ್ನು ಎದುರಿಗೇ ಕೂಗಿ ಹೇಳುತ್ತಾನೆ. ಮಾತು ಮುಗಿದ ಮೇಲೆ ಅರಮನೆಗೆ ಹಿಂದಿರುಗುವುದೂ ಇಲ್ಲ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಮುಖಾಮುಖಿ ಎದುರಿಸಿದ (ಗಲಾತ್ಯ 2:11). ಪ್ರವಾದನೆಯನ್ನು ಮಿಕ್ಕವರು ವಿವೇಚಿಸಲಿ ಎಂದು 1 ಕೊರಿಂಥ 14:29 ಹೇಳುತ್ತದೆ. ವಿವೇಚನೆಗೆ ಒಪ್ಪದ ‘ತೋರಿಸಿದ್ದಾನೆ’ಗೆ ನೀವು ತಲೆಬಾಗಬೇಕಾಗಿಲ್ಲ.

ತರಬೇತಿಯ ಗುರಿ ನೀವು ಕ್ರಿಸ್ತನಿಗೆ ಹತ್ತಿರವಾಗುವುದು. ನಡುವೆ ನಿಂತವರಿಗೆ ಅಂಟಿಕೊಂಡು, ಅವರನ್ನು ಕೇಳದೆ ಪ್ರಾರ್ಥಿಸಲಾಗದ, ನಿರ್ಧರಿಸಲಾಗದ ಸ್ಥಿತಿ ಬಂದಿದ್ದರೆ ತರಬೇತಿ ಕೆಟ್ಟಿದೆ. ಮೊದಲು ನೇರವಾಗಿ, ಮರ್ಯಾದೆಯಿಂದ ಹೇಳಿ: ‘ನಿಮ್ಮ ಸಲಹೆಯನ್ನು ತೂಗಿ ನೋಡುತ್ತೇನೆ, ನಿರ್ಧಾರ ನನ್ನದು.’ ಬದಲಾಗದಿದ್ದರೆ ಇನ್ನಿಬ್ಬರು ಹಿರಿಯರಿಗೆ, ತಾರೀಖಿನ ಸಮೇತ ಬರೆದಿಟ್ಟುಕೊಂಡ ವಿವರಗಳೊಂದಿಗೆ ತಿಳಿಸಿ. ಅವರೂ ಕೈಚೆಲ್ಲಿದರೆ ಆ ತರಬೇತಿಯಿಂದ ಹೊರಬನ್ನಿ. ಹೊರಬರುವುದೆಂದರೆ ಕ್ರಿಸ್ತನನ್ನು ಬಿಡುವುದಲ್ಲ. ದೈಹಿಕ ಮುಟ್ಟುವಿಕೆ, ಹಣದ ಒತ್ತಾಯ, ಬೆದರಿಕೆ ಇದ್ದರೆ ಈ ಯಾವ ಮೆಟ್ಟಿಲೂ ಬೇಡ, ನೇರವಾಗಿ ಕಾನೂನಿನ ನೆರವು ಪಡೆಯಿರಿ. ಸಭೆಯೊಳಗೇ ಮುಗಿಸೋಣ ಎನ್ನುವವರಿಗೆ ಮಣಿಯಬೇಡಿ.

ಇದನ್ನು ಓದುತ್ತಿರುವ ತರಬೇತುದಾರರಿಗೂ ನಾಲ್ಕು ಮಾತು. ಒಬ್ಬ ಅಭ್ಯರ್ಥಿಗೆ ಇಬ್ಬರು ಹಿರಿಯರಿರಲಿ. ಭೇಟಿ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿರಲಿ, ರಾತ್ರಿಯ ಖಾಸಗಿ ಮೆಸೇಜು ಬೇಡ. ಅವರಿಂದ ಕೈಗಡ ತೆಗೆದುಕೊಳ್ಳಬೇಡಿ, ಮನೆಗೆಲಸ ಮಾಡಿಸಿಕೊಳ್ಳಬೇಡಿ. ಸಲಹೆ ಕೇಳಿ ಬಂದವರಿಗೆ ಉತ್ತರ ಕೊಡುವ ಮೊದಲು, ‘ಇದರ ಬಗ್ಗೆ ನೀನು ದೇವರ ಹತ್ತಿರ ಏನು ಕೇಳಿದೆ?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಫಿಂಕೆನ್‌ವಾಲ್ಡೆಯಲ್ಲಿ ಇನ್ನೊಂದು ನಿಯಮವಿತ್ತು: ಎದುರಿಗಿಲ್ಲದ ಸಹೋದರನ ಬಗ್ಗೆ ಮಾತಾಡಬಾರದು, ಆಡಿದರೆ ಅವನಿಗೇ ಹೋಗಿ ತಿಳಿಸಬೇಕು. ತರಬೇತಿ ಗುಂಪುಗಳು ಹಾಳಾಗುವುದು ಹೆಚ್ಚಾಗಿ ಇದೊಂದು ಇಲ್ಲದೆಯೇ.

ಪ್ರಶ್ನೆ: ಎರಡು ವರ್ಷ ಬೆಳೆಸಿದ ಒಬ್ಬಳು ಅರ್ಧದಲ್ಲೇ ಬಿಟ್ಟುಹೋದಳು. ಈಗ ಮತ್ತೆ ಸಭೆಗೆ ಬರುತ್ತಿದ್ದಾಳೆ, ಆದರೆ ಹಿಂದಿನ ಸಾಲಿನಲ್ಲಿ ಕೂತು ಎದ್ದುಹೋಗುತ್ತಾಳೆ. ಮತ್ತೆ ಸೇರಿಸಿಕೊಳ್ಳಬಹುದೇ?

ಉತ್ತರ: ಸುವಾರ್ತೆ ಸಾರುವ ಪ್ರಯಾಣದಲ್ಲಿ ಮಾರ್ಕನು ಪಂಫುಲ್ಯ ಎಂಬ ಸೀಮೆಯಲ್ಲಿ ಜೊತೆಗಾರರಾದ ಪೌಲ, ಬಾರ್ನಬರನ್ನು ಬಿಟ್ಟು ಹಿಂದಿರುಗಿದ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದೊಯ್ಯುವ ವಿಷಯದಲ್ಲಿ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣ ಜಗಳವಾಗಿ ಇಬ್ಬರೂ ಬೇರೆಯಾದರು. ಬಾರ್ನಬನು ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹೋದ. ಮುಂದೆ ಪೌಲನೇ, ಅವನು ಸೇವೆಗೆ ನನಗೆ ಉಪಯುಕ್ತ, ಕರೆದುಕೊಂಡು ಬಾ ಎಂದು ಬರೆದ (2 ತಿಮೊಥೆಯ 4:11). ಆ ಜಗಳವನ್ನು ಅಪೊಸ್ತಲರ ಕೃತ್ಯಗಳಲ್ಲಿ ದಾಖಲಿಸಿದ ಲೂಕ, ಪೌಲನ ಎಚ್ಚರಿಕೆ ತಪ್ಪೆಂದು ಬರೆದಿಲ್ಲ, ಬಾರ್ನಬನ ತಾಳ್ಮೆ ಸರಿಯೆಂದೂ ಬರೆದಿಲ್ಲ. ಸಭೆಗೆ ಇಬ್ಬರೂ ಬೇಕು, ಆದರೆ ಒಂದೇ ದಿನ ಬೇಡ.

ಸದ್ಯಕ್ಕೆ ಆಕೆಗೆ ಬೇಕಾದದ್ದು ಬಾರ್ನಬ. ಯಾಕೆ ಹೋದಳೆಂಬುದು ನಿಮಗೆ ತಿಳಿಯದಿದ್ದರೆ ಊಹಿಸಬೇಡಿ. ಭಾರ ಹೆಚ್ಚಾಗಿ ಹೋದವರಿಗೂ ಹಣ, ನಡತೆಯ ವಿಷಯದಲ್ಲಿ ಎಡವಿ ಹೋದವರಿಗೂ ದಾರಿ ಬೇರೆಬೇರೆ. ಮೊದಲನೆಯವರಿಗೆ ಹಗುರವಾದ ಒಂದು ಕೆಲಸದಿಂದ ಆರು ತಿಂಗಳಲ್ಲಿ ಮರಳಲು ಸಾಧ್ಯ. ಎರಡನೆಯವರು ಆದದ್ದನ್ನು ಸರಿಪಡಿಸಿ, ನೊಂದವರ ಬಳಿ ಕ್ಷಮೆ ಕೇಳಿದ ಮೇಲೆ ಮೊದಲಿನಿಂದ ಶುರುಮಾಡಬೇಕು. ಕೆಲವು ಜವಾಬ್ದಾರಿಗಳು, ಮುಖ್ಯವಾಗಿ ಹಣ ಮತ್ತು ಮಕ್ಕಳಿಗೆ ಸಂಬಂಧಿಸಿದವು, ಮತ್ತೆ ಕೈಗೆ ಬರದೆಯೂ ಇರಬಹುದು. ಬಿಟ್ಟುಹೋದದ್ದರಲ್ಲಿ ನಿಮ್ಮ ಪಾಲೇನಾದರೂ ಇದೆಯೇ ಎಂದೂ ಕೇಳಿಕೊಳ್ಳಿ: ಎರಡು ವರ್ಷದಲ್ಲಿ ಆಕೆಗೆ ಎಷ್ಟು ಕೆಲಸ ಕೊಟ್ಟಿರಿ, ಕೆಲಸದ ಮಾತಿಲ್ಲದೆ ಎಷ್ಟು ಸಲ ಸುಮ್ಮನೆ ಜೊತೆಗೆ ಕೂತಿರಿ?

ಈ ವಾರ ಸಭೆಯ ಹಿರಿಯ ಸಹೋದರಿಯೊಬ್ಬರು ಹೋಗಿ ಆಕೆಯ ಪಕ್ಕ, ಆ ಹಿಂದಿನ ಸಾಲಿನಲ್ಲೇ ಕೂರಲಿ. ಸೇವೆಯ ಮಾತು ಅಂದು ಎತ್ತುವುದು ಬೇಡ.